ಬಾಗಿಲು ದಾಟುವ ಹುಡುಗಿಯ ಕಾದಂಬರಿ: ನಾಲ್ಕನೇ ಅಧ್ಯಾಯದಲ್ಲಿ ನಿಂತುಹೋದವರಿಗೆ ಸಮಗ್ರ ಮಾರ್ಗದರ್ಶಿ

ಓದಿ ನೋಡಿ ಎಂದು ಹೊಸ ಬರಹಗಾರರು ಕೊಡುವ ಹಸ್ತಪ್ರತಿಗಳಲ್ಲಿ ಈ ಕಥೆ ನನಗೆ ಪದೇ ಪದೇ ಸಿಗುತ್ತದೆ. ಒಬ್ಬಳು ಹುಡುಗಿ. ಹಳೇ ಮನೆಯ ಅಟ್ಟದಲ್ಲೋ ಊರಾಚೆಯ ಗವಿಯಲ್ಲೋ ಅವಳಿಗೊಂದು ಬಾಗಿಲು ಕಾಣುತ್ತದೆ. ದಾಟಿದರೆ ಬೇರೆ ಲೋಕ. ಮೊದಲ ಮೂರು ಅಧ್ಯಾಯಗಳನ್ನು ಒಂದೇ ಉಸಿರಿಗೆ ಬರೆದಿರುತ್ತಾರೆ. ನಾಲ್ಕನೆಯದರಲ್ಲಿ ಹುಡುಗಿ ಆ ಲೋಕದಲ್ಲಿ ಸುಮ್ಮನೆ ಸುತ್ತಾಡುತ್ತಾಳೆ, ಯಾರೋ ಒಬ್ಬ ಮುದುಕ ಬಂದು ಅಲ್ಲಿಯ ಚರಿತ್ರೆಯನ್ನೆಲ್ಲ ಹೇಳುತ್ತಾನೆ, ಅಲ್ಲಿಗೆ ಹಸ್ತಪ್ರತಿ ಮುಗಿಯುತ್ತದೆ. ಮುಂದೆ ಏನು ಬರೆಯಬೇಕೋ ತೋಚುತ್ತಿಲ್ಲ ಎಂಬ ಮಾತು ಜೊತೆಗಿರುತ್ತದೆ.

ಇದಕ್ಕೆ ಕಲ್ಪನೆಯ ಕೊರತೆ ಕಾರಣವಲ್ಲ, ಕೆಲಸದ ಕ್ರಮ ತಪ್ಪಿರುತ್ತದೆ. ಹೆಚ್ಚಿನವರು ಮೊದಲು ಆಚೆಯ ಲೋಕ ಕಟ್ಟುತ್ತಾರೆ, ಆಮೇಲೆ ಬಾಗಿಲು ಇಡುತ್ತಾರೆ, ಕೊನೆಗೆ ಹುಡುಗಿಯನ್ನು ತಂದು ನಿಲ್ಲಿಸುತ್ತಾರೆ. ಆಗಬೇಕಾದದ್ದು ಇದರ ತಿರುಗುಮುರುಗು: ಮೊದಲು ಹುಡುಗಿ, ಆಮೇಲೆ ಮನೆ, ಆಮೇಲೆ ಬಾಗಿಲು, ಅದು ಕೇಳುವ ಬೆಲೆ, ಇಷ್ಟೆಲ್ಲ ಆದ ಮೇಲೆ ಲೋಕಗಳು. ಕೆಳಗೆ ಒಂದೇ ಉದಾಹರಣೆಯನ್ನು ಕೊನೆಯವರೆಗೂ ಬೆಳೆಸುತ್ತಾ ಹೋಗಿದ್ದೇನೆ, ಒಂದು ಹಂತ ಮುಂದಿನದಕ್ಕೆ ಹೇಗೆ ದಾರಿ ಮಾಡುತ್ತದೆ ಎಂಬುದು ಕಾಣಲಿ ಎಂದು. ನಿಮ್ಮ ಕಥೆ ಬೇರೆಯೇ ಇರುತ್ತದೆ, ಕ್ರಮ ಮಾತ್ರ ಇದೇ ಇರಲಿ.

## ಶುರುವಿಗೆ ಮೊದಲು: ಕೈಯಲ್ಲಿ ಏನಿರಬೇಕು

200 ಪುಟದ ಒಂದು ನೋಟ್‌ಬುಕ್. ಕಥೆ ನಡೆಯುವ ವರ್ಷದ ಒಂದು ಗೋಡೆ ಕ್ಯಾಲೆಂಡರ್. ಅಮಾವಾಸ್ಯೆ, ಹುಣ್ಣಿಮೆ, ಹಬ್ಬ ಗುರುತಿಸಿರುವಂಥದ್ದು. ಕಥೆಯ ತಾಲ್ಲೂಕಿನ ನಕ್ಷೆ. ಫೋನಿನಲ್ಲಿ ಧ್ವನಿ ಮುದ್ರಿಸುವ ಆ್ಯಪ್. ಇಷ್ಟು ಸಾಕು.

ಟೈಪ್ ಮಾಡುವವರು ಮೊದಲ ದಿನದಿಂದಲೇ, ಯಾವ ಕಂಪ್ಯೂಟರಿನಲ್ಲೂ ಒಂದೇ ರೀತಿ ತೆರೆಯುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ಮಾಡಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪಿಸಿದ ಕಡತ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣಬಹುದು, ಪರಿವರ್ತಿಸುವಾಗ ಒತ್ತಕ್ಷರಗಳು ಕೆಡಬಹುದು. 40 ಸಾವಿರ ಪದ ಬರೆದ ಮೇಲೆ ಒಂದೊಂದೇ ಒತ್ತಕ್ಷರ ತಿದ್ದುತ್ತಾ ಕುಳಿತವರನ್ನು ನೋಡಿದ್ದೇನೆ.

ಉದ್ದದ ಲೆಕ್ಕವನ್ನೂ ಈಗಲೇ ಹಾಕಿಕೊಳ್ಳಿ. ಇಂಗ್ಲಿಷ್‌ನ ಪದಸಂಖ್ಯೆಯ ಗುರಿಗಳು ಕನ್ನಡಕ್ಕೆ ಹೊಂದುವುದಿಲ್ಲ. ನಮ್ಮಲ್ಲಿ ವಿಭಕ್ತಿ, ಕಾಲ, ನಿಷೇಧ ಎಲ್ಲವೂ ಒಂದೇ ಪದಕ್ಕೆ ಅಂಟಿಕೊಳ್ಳುತ್ತವೆ. "ಹೋಗಲಾರದವಳಿಗೆ" ಎಂಬುದು ಒಂದೇ ಪದ. 45,000 ಪದಗಳ ಕನ್ನಡ ಕಾದಂಬರಿ ಡೆಮಿ ಅಷ್ಟಮ ಆಕಾರದಲ್ಲಿ (ಕಾದಂಬರಿಗಳ ಸಾಮಾನ್ಯ ಗಾತ್ರ) ಹೆಚ್ಚುಕಡಿಮೆ 200 ಪುಟವಾಗುತ್ತದೆ. ಮೊದಲ ಪುಸ್ತಕಕ್ಕೆ ಅಷ್ಟು ಸಾಕು. ದಿನಕ್ಕೆ 500 ಪದವಾದರೆ 90 ದಿನದ ಕೆಲಸ.

## ಹಂತ 1: ಹುಡುಗಿ, ಮತ್ತು ಅವಳಿಗೆ ಇಲ್ಲದ್ದು

ನೋಟ್‌ಬುಕ್‌ನ ಮೊದಲ ಪುಟದಲ್ಲಿ ಮೂರು ವಾಕ್ಯ ಬರೆಯಿರಿ. ಅವಳಿಗೆ ಏನು ಬೇಕು? ಅದು ಮನೆಯಲ್ಲಿ ಯಾಕೆ ಸಿಗುತ್ತಿಲ್ಲ? ಅವಳು ಕೈಯಾರೆ ಯಾವ ಕೆಲಸವನ್ನು ಚೆನ್ನಾಗಿ ಮಾಡಬಲ್ಲಳು?

ಮೂರನೆಯ ಪ್ರಶ್ನೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಹುಡುಗಿ "ತುಂಬಾ ಕುತೂಹಲದವಳು" ಎಂದು ಬರೆದು ಮುಂದೆ ಹೋಗುತ್ತಾರೆ. ಕುತೂಹಲ ಅವಳನ್ನು ಬಾಗಿಲ ತನಕ ತರುತ್ತದೆ, ದಾಟಿದ ಮೇಲೆ ಕೈಹಿಡಿಯುವುದಿಲ್ಲ. ಆಚೆಗೆ ಹೋದಾಗ ಬೇಕಾಗುವುದು ಕೈಕೆಲಸ: ಮರ ಹತ್ತುವುದು, ದೋಣಿಗೆ ಹುಟ್ಟು ಹಾಕುವುದು, ಬಾಯಿಲೆಕ್ಕ, ಹಸು ಹಾಲು ಕರೆಯುವುದು, ಯಾರದೇ ದನಿಯನ್ನು ಅನುಕರಿಸುವುದು.

ನಮ್ಮ ಉದಾಹರಣೆಯ ಹುಡುಗಿ ನೇತ್ರಾ. ವಯಸ್ಸು 12, ಏಳನೇ ತರಗತಿ ಮುಗಿಸಿದ್ದಾಳೆ. ಸಾಗರ ತಾಲ್ಲೂಕಿನಲ್ಲಿ ಶರಾವತಿ ಹಿನ್ನೀರಿನ ದಡದ ಊರು. ಅಜ್ಜಿಯ ಜೊತೆ ಇದ್ದಾಳೆ. ಅಜ್ಜಿ ಹುಟ್ಟಿದ ಊರು ನೀರಿನಡಿ ಇದೆ; 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಅಜ್ಜಿಗೆ ಎಂಟು ವರ್ಷ. ಆ ಊರಿನ ಬಗ್ಗೆ ಅಜ್ಜಿ ಒಂದು ಮಾತೂ ಆಡುವುದಿಲ್ಲ. ನೇತ್ರಾಳಿಗೆ ಬೇಕಿರುವುದು ಆ ಮಾತು. ಅವಳ ಕೈಕೆಲಸ: ಕೇಳಿದ ದನಿಯನ್ನು ಮರೆಯುವುದಿಲ್ಲ, ಯಾರ ದನಿಯಲ್ಲಾದರೂ ಮಾತಾಡಬಲ್ಲಳು.

ಸಾಮಾನ್ಯ ತಪ್ಪು: ಹುಡುಗಿಯ ಜಾತಕದಲ್ಲೋ ಅಂಗೈಯ ಮಚ್ಚೆಯಲ್ಲೋ ಅವಳು "ಆಯ್ಕೆಯಾದವಳು" ಎಂದು ತೋರಿಸುವುದು. ಹಾಗೆ ಮಾಡಿದ ಕ್ಷಣದಿಂದ ಅವಳು ತೀರ್ಮಾನ ತೆಗೆದುಕೊಳ್ಳುವ ಅಗತ್ಯ ಇಲ್ಲವಾಗುತ್ತದೆ. ಬಾಗಿಲು ಯಾರಿಗೆ ಬೇಕಾದರೂ ಕಾಣಬಹುದಿತ್ತು, ನಿಂತು ನೋಡಿದವಳು ಇವಳು ಎಂದಿರಲಿ.

ಎಚ್ಚರಿಕೆಯ ಗುರುತು: ನಿಮ್ಮ ಹುಡುಗಿಯ ಜಾಗದಲ್ಲಿ ಬೇರೆ ಯಾವುದೋ ಹುಡುಗಿಯನ್ನು ಇಟ್ಟರೂ ಕಥೆ ಹಾಗೇ ನಡೆಯುತ್ತದೆಯೇ? ಹೌದಾದರೆ ಎರಡನೇ ಹಂತಕ್ಕೆ ಹೋಗಬೇಡಿ.

## ಹಂತ 2: ಮನೆ

ಈ ಹಂತ ಬೇಗ ಮುಗಿಯುತ್ತದೆ, ಆದರೆ ಬಿಡುವಂತಿಲ್ಲ. ಮನೆ ಗಟ್ಟಿಯಾಗಿ ಕಾಣದಿದ್ದರೆ ಬೇರೆ ಲೋಕ ಬೇರೆ ಎಂದು ಅನ್ನಿಸುವುದೇ ಇಲ್ಲ.

ವರ್ಷ ನಿಗದಿ ಮಾಡಿ. ನೇತ್ರಾಳ ಕಥೆಗೆ 2024ರ ಬೇಸಿಗೆ ಇಟ್ಟುಕೊಂಡಿದ್ದೇನೆ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. ಹಿನ್ನೀರು ಇಳಿದಿರುವುದಕ್ಕೆ ನಾನು ಬೇರೆ ಕಾರಣ ಹುಟ್ಟಿಸಬೇಕಿಲ್ಲ. ಇನ್ನೊಂದು ಅನುಕೂಲವಿದೆ. ಹಿನ್ನೀರಿನ ಆಚೆ ದಡದ ಸಿಗಂದೂರಿಗೆ ಹೋಗುವ ದಾರಿಯ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ. ಅದಕ್ಕೂ ಮೊದಲಿನ ಕಥೆಯಾದರೆ ಜನ, ಬೈಕು, ಬಸ್ಸು ಎಲ್ಲ ಲಾಂಚ್ (ವಾಹನಗಳನ್ನೂ ಸಾಗಿಸುವ ದೋಣಿ) ಹತ್ತಿಯೇ ದಾಟಬೇಕು, ಕಾಯಬೇಕು. ಕಾಯುವ ಜಾಗದಲ್ಲಿ ಮಾತು ಹುಟ್ಟುತ್ತದೆ. ನೋಡಿ, ಒಂದೇ ವರ್ಷದ ವ್ಯತ್ಯಾಸಕ್ಕೆ ಕಥೆಯ ಅರ್ಧ ದೃಶ್ಯಗಳು ಬದಲಾಗುತ್ತವೆ.

ಮನೆಯ ಬಗ್ಗೆ ಹತ್ತು ಸಣ್ಣ ಸಂಗತಿ ಪಟ್ಟಿ ಮಾಡಿ: ಹಂಡೆ ಎಲ್ಲಿದೆ, ರಾತ್ರಿ ಯಾವ ಕದ ಕಿರುಗುಡುತ್ತದೆ, ಅಜ್ಜಿ ಮಧ್ಯಾಹ್ನ ಎಷ್ಟು ಹೊತ್ತು ಮಲಗುತ್ತಾರೆ. ಇವುಗಳಲ್ಲಿ ಮೂರಾದರೂ ಮುಂದೆ ಕಥೆಯ ಕೆಲಸಕ್ಕೆ ಬರಬೇಕು. ಅಜ್ಜಿಯ ನಿದ್ದೆ ಎರಡು ಗಂಟೆ ಎಂದು ನಾನು ಬರೆದಿಟ್ಟುಕೊಂಡಿದ್ದೇನೆ, ಆರನೇ ಹಂತದಲ್ಲಿ ಅದು ಬೇಕಾಗುತ್ತದೆ.

ಬಾಗಿಲು ಕಾಣಬೇಕಾದದ್ದು 5,000ದಿಂದ 6,000ನೇ ಪದದ ಒಳಗೆ. ಅದಕ್ಕಿಂತ ತಡವಾದರೆ ಓದುವ ಮಕ್ಕಳು ಪುಸ್ತಕ ಕೆಳಗಿಡುತ್ತಾರೆ. ಮೊದಲ ಪುಟದಲ್ಲೇ ಕಂಡರೆ ಕಳೆದುಕೊಳ್ಳಲು ಅವಳಿಗೆ ಏನೂ ಇರುವುದಿಲ್ಲ.

## ಹಂತ 3: ಬಾಗಿಲು

ಅತಿ ಹೆಚ್ಚು ಸಮಯವನ್ನು ಇಲ್ಲಿ ಕೊಡಿ. ಎರಡು ವಾರವಾದರೂ ಸರಿ.

ಮೊದಲು ಹೆಸರು. "ಪೋರ್ಟಲ್" ಎಂದು ಬರೆಯಬೇಡಿ. ಕನ್ನಡದಲ್ಲಿ ಆ ಪದ ಅರ್ಜಿ ಹಾಕುವ, ಫಲಿತಾಂಶ ನೋಡುವ ಜಾಲತಾಣಕ್ಕೆ ಅಂಟಿಹೋಗಿದೆ, ಓದುಗರ ಮನಸ್ಸು ಅಲ್ಲಿಗೇ ಹೋಗುತ್ತದೆ. ನಮ್ಮಲ್ಲಿ ಬಾಗಿಲು ಇದೆ, ಕದ, ದಿಡ್ಡಿ, ಕಿಂಡಿ, ಗವಿ, ಬಿಲ, ತೂಬು, ಹೊಸ್ತಿಲು ಇವೆ. ಒಂದೊಂದಕ್ಕೂ ಗಾತ್ರ ಬೇರೆ, ದಾಟುವ ಭಂಗಿ ಬೇರೆ. ಕಿಂಡಿಯಾದರೆ ಮೊದಲು ನೋಡುತ್ತಾಳೆ, ಎಷ್ಟೋ ದಿನದ ಮೇಲೆ ತೂರುತ್ತಾಳೆ. ಕೆರೆಯ ತೂಬಾದರೆ ನೀರಿನ ಜೊತೆ ಎಳೆದುಕೊಂಡೇ ಹೋಗುತ್ತದೆ. ಯಾವ ಪದ ಆರಿಸಿದಿರೋ ಆ ಪದದ ದೇಹವನ್ನು ದೃಶ್ಯದಲ್ಲಿ ಬಳಸಿ.

ಆಮೇಲೆ ಜಾಗ. ಅಟ್ಟ, ಕನ್ನಡಿ, ಹಳೇ ಪುಸ್ತಕ ಈ ಮೂರು ಸವೆದುಹೋಗಿವೆ. ನಮ್ಮ ಸುತ್ತ ಅರ್ಧ ಮುಚ್ಚಿ ಅರ್ಧ ತೆರೆದಿರುವ ಜಾಗಗಳು ಬೇಕಾದಷ್ಟಿವೆ. ತಲಕಾಡಿನ ಮರಳು ಗುಡಿಗಳನ್ನು ಮುಚ್ಚಿತ್ತು, ಅಗೆದು ತೆಗೆದಿದ್ದಾರೆ. ಹಾಸನದ ಬಳಿಯ ಶೆಟ್ಟಿಹಳ್ಳಿಯ ಪಾಳು ಚರ್ಚು ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರಿನಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೇಳುತ್ತದೆ. ಲಕ್ಕುಂಡಿಯ ಮೆಟ್ಟಿಲುಬಾವಿಗಳು ನೆಲದೊಳಕ್ಕೆ ಇಳಿಯುತ್ತಾ ಹೋಗುತ್ತವೆ.

ನೇತ್ರಾಳ ಊರಿನ ಪಕ್ಕ ಇರುವುದು ಇವೆಲ್ಲಕ್ಕಿಂತ ವಿಚಿತ್ರವಾದದ್ದು: ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಇನ್ನೊಂದು ಅಣೆಕಟ್ಟು. 1940ರ ದಶಕದಲ್ಲಿ ಮಡೆನೂರಿನ ಬಳಿ ಶರಾವತಿಗೆ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಲಿಂಗನಮಕ್ಕಿ ತುಂಬಿದಾಗ ಅದರೊಳಗೇ ಮುಳುಗಿತು. ನೀರು ಬಹಳ ಇಳಿದ ಬೇಸಿಗೆಗಳಲ್ಲಿ ಮಾತ್ರ ಹೊರಗೆ ಕಾಣುತ್ತದೆ. ಆ ಭಾಗದಲ್ಲಿ ಲಾಂಚ್ ನಿಲ್ಲುತ್ತಿದ್ದ ದಡದ ಹೆಸರೇ ಹೊಳೆಬಾಗಿಲು. ಇಂಥ ಹೆಸರು ನಿಮ್ಮ ತಾಲ್ಲೂಕಿನ ನಕ್ಷೆಯಲ್ಲೂ ಇರುತ್ತದೆ. ಶುರುವಿನಲ್ಲೇ ನಕ್ಷೆ ಇಟ್ಟುಕೊಳ್ಳಿ ಎಂದದ್ದು ಅದಕ್ಕೇ.

ಈಗ ಬಾಗಿಲಿನ ಕಟ್ಟಳೆ. ನಾಲ್ಕು ಪ್ರಶ್ನೆಗೆ ಉತ್ತರ ಬರೆಯಿರಿ, ಪ್ರತಿಯೊಂದಕ್ಕೂ ಒಂದೇ ವಾಕ್ಯ:

1. ಯಾವಾಗ ತೆರೆಯುತ್ತದೆ?
2. ದಾಟಲು ಏನು ಮಾಡಬೇಕು?
3. ವಾಪಸ್ ಬರಲು ಏನಿರಬೇಕು?
4. ದಾಟಿದವರಿಂದ ಏನನ್ನು ತೆಗೆದುಕೊಳ್ಳುತ್ತದೆ?

ನೇತ್ರಾಳ ಬಾಗಿಲು ಹಳೇ ಅಣೆಕಟ್ಟಿನ ಒಂದು ಸೈಫನ್ನಿನ, ಅಂದರೆ ಹೆಚ್ಚಾದ ನೀರನ್ನು ಹೊರಬಿಡುವ ಕೊಳವೆಯ, ಬಾಯಿ. ನೀರು ಅದಕ್ಕಿಂತ ಕೆಳಗಿಳಿದಾಗ ಮಾತ್ರ ತೆರೆಯುತ್ತದೆ. ಇದರಿಂದ ಏನಾಯಿತು ನೋಡಿ: ಊರಿಗೆ ಊರೇ ಮಳೆಗಾಗಿ ಕಾಯುತ್ತಿದೆ, ಬಾವಿ ಬತ್ತಿದೆ, ತೋಟ ಒಣಗುತ್ತಿದೆ, ಇವಳೊಬ್ಬಳು ಮಳೆ ಬಾರದಿರಲಿ ಎಂದು ಒಳಗೊಳಗೇ ಬೇಡುತ್ತಿದ್ದಾಳೆ. ಯಾವ ಖಳನಾಯಕನೂ ಇಲ್ಲದೆ ಸಂಘರ್ಷ ಹುಟ್ಟಿತು. ನಾಲ್ಕನೇ ಅಧ್ಯಾಯದಲ್ಲಿ ನಿಂತುಹೋದ ಹಸ್ತಪ್ರತಿಗಳಲ್ಲಿ ಇಲ್ಲದ್ದು ಇದೇ. ಬಾಗಿಲು ತೆರೆಯುವುದರಿಂದ ಮನೆಯಲ್ಲಿ ಯಾರಿಗೋ ನಷ್ಟವಾಗುವಂತೆ ಕಟ್ಟಳೆ ಇಡಿ, ಕಥೆ ತಾನಾಗಿ ಎಳೆಯುತ್ತದೆ.

ಎರಡನೇ, ಮೂರನೇ ಉತ್ತರಕ್ಕೆ ದೂರ ಹೋಗಬೇಕಿಲ್ಲ. ಹೊಸ್ತಿಲಿಗೆ ಸಂಬಂಧಿಸಿದ ಕಟ್ಟಳೆಗಳು ನಮ್ಮ ಮನೆಗಳಲ್ಲೇ ಇವೆ. ಹೊಸ್ತಿಲ ಮೇಲೆ ಕೂರಬಾರದು. ಹೊಸ್ತಿಲ ಆಚೆಯಿಂದ ಈಚೆಗೆ ಕೈನೀಡಿ ಏನನ್ನೂ ಕೊಡಬಾರದು. ಕೆಲವು ಊರುಗಳಲ್ಲಿ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದಿರುತ್ತಿತ್ತು, ರಾತ್ರಿ ಬಂದು ಕರೆಯುವ ದೆವ್ವ ಅದನ್ನು ಓದಿ ಹಿಂದಿರುಗಲಿ ಎಂದು. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯಿಂದ ಹೊರಡುವವರು "ಹೋಗ್ತೀನಿ" ಅನ್ನಬಾರದು, "ಹೋಗಿ ಬರ್ತೀನಿ" ಅನ್ನಬೇಕು. ನಾನು ಈ ಕೊನೆಯದನ್ನೇ ಬಾಗಿಲಿನ ಕಟ್ಟಳೆ ಮಾಡಿಕೊಂಡೆ: "ಹೋಗಿ ಬರ್ತೀನಿ" ಎಂದು ಬಾಯಿಬಿಟ್ಟು ಹೇಳಿ ದಾಟಿದವರಿಗೆ ಮಾತ್ರ ಹಿಂದಿರುಗುವ ದಾರಿ ಇರುತ್ತದೆ. ವಿವರಣೆಯೇ ಬೇಡ, ಕನ್ನಡದ ಓದುಗರಿಗೆ ಅದು ಕೂಡಲೇ ಮೈಗೆ ತಾಗುತ್ತದೆ.

ಸಾಮಾನ್ಯ ತಪ್ಪು: ಕಟ್ಟಳೆಗಳನ್ನು ಬರೆಯುತ್ತಾ ಬರೆಯುತ್ತಾ ಸೇರಿಸುವುದು. ಹುಡುಗಿ ಸಿಕ್ಕಿಹಾಕಿಕೊಂಡಾಗ ಹೊಸ ಮಂತ್ರ, ಹೊಸ ಉಂಗುರ. ಓದುಗರು ಒಮ್ಮೆ ಸಹಿಸಿಕೊಳ್ಳುತ್ತಾರೆ, ಎರಡನೇ ಸಲ ಅವರಿಗೆ ಭಯವೇ ಹೋಗುತ್ತದೆ. ನಾಲ್ಕು ವಾಕ್ಯ ಬರೆದ ಪುಟವನ್ನು ಗೋಡೆಗೆ ಅಂಟಿಸಿ. ಕಾದಂಬರಿ ಅರ್ಧ ದಾಟಿದ ಮೇಲೆ ಆ ಪುಟಕ್ಕೆ ಐದನೆಯ ವಾಕ್ಯ ಸೇರಿಸುವಂತಿಲ್ಲ.

## ಹಂತ 4: ಬೆಲೆ

ಮೇಲಿನ ನಾಲ್ಕನೇ ಪ್ರಶ್ನೆಗೆ ಪ್ರತ್ಯೇಕ ಹಂತ ಯಾಕೆಂದರೆ ಅದನ್ನು ಕಾಗದದ ಮೇಲೆ ಇಟ್ಟು ಮರೆಯುವವರೇ ಹೆಚ್ಚು. "ಪ್ರತಿ ಸಲ ಅವಳ ಶಕ್ತಿ ಕುಂದುತ್ತದೆ" ಎಂದು ಬರೆಯುತ್ತಾರೆ, ಮುಂದಿನ ಅಧ್ಯಾಯದಲ್ಲಿ ಅವಳು ಬೆಟ್ಟ ಹತ್ತುತ್ತಿರುತ್ತಾಳೆ.

ಬೆಲೆ ಎಣಿಸಲು ಬರುವಂತಿರಲಿ, ಪುಟದ ಮೇಲೆ ಕಾಣುವಂತಿರಲಿ. ನೇತ್ರಾಳ ಬಾಗಿಲು ಪ್ರತಿ ದಾಟಿಗೆ ಅವಳ ಒಂದು ಪದವನ್ನು ಇಟ್ಟುಕೊಳ್ಳುತ್ತದೆ. ಯಾವ ಪದ ಎಂದು ಅವಳು ಆರಿಸುವಂತಿಲ್ಲ. ಮೊದಲು ಹೋಗುವುದು "ಗೊರಟೆ". ಹೋದದ್ದು ಅವಳಿಗೆ ಗೊತ್ತೂ ಆಗುವುದಿಲ್ಲ. ಆಮೇಲೆ "ಕೊಡಪಾನ". ಅಲ್ಲಿಂದ ಮುಂದೆ ಕಥೆ ಅವಳ ಕಣ್ಣಿನಿಂದ ಸಾಗುವಾಗ ನಿರೂಪಣೆಯೂ ಆ ಪದ ಬಳಸುವಂತಿಲ್ಲ. "ನೀರು ತರುವ ಆ ಹಿತ್ತಾಳೆಯದು" ಎಂದೇ ಬರೆಯಬೇಕು. ಹತ್ತು ದಾಟು ಆಗುವ ಹೊತ್ತಿಗೆ ವಾಕ್ಯಗಳೇ ತಡವರಿಸತೊಡಗುತ್ತವೆ. ಓದುಗರಿಗೆ ಯಾರೂ ಹೇಳಬೇಕಿಲ್ಲ, ಅವರೇ ಪದ ಹುಡುಕುತ್ತಾ ಕಳವಳಪಡುತ್ತಾರೆ.

ಇದಕ್ಕೊಂದು ಪಟ್ಟಿ ಇಡಿ: ದಾಟಿದ ದಿನ, ಹೋದ ಪದ. ತಿದ್ದುವಾಗ ಆ ಪದಗಳನ್ನು ಕಡತದಲ್ಲಿ ಹುಡುಕಿ, ಹೋದ ಮೇಲೂ ನುಸುಳಿದ್ದರೆ ತೆಗೆಯಿರಿ. ಈ ಪಟ್ಟಿ ಇಡದೆ ನಾನೇ ಒಂದು ಕರಡನ್ನು ಪೂರ್ತಿ ಮತ್ತೆ ಬರೆಯಬೇಕಾಯಿತು.

ಈಗ ಮೂರನೇ ಹಂತದ ಕಟ್ಟಳೆಯನ್ನೂ ಈ ಬೆಲೆಯನ್ನೂ ಅಕ್ಕಪಕ್ಕ ಇಡಿ. ಹಿಂದಿರುಗಬೇಕಾದರೆ "ಹೋಗಿ ಬರ್ತೀನಿ" ಎಂದು ಹೇಳಿ ದಾಟಬೇಕು. ಬಾಗಿಲು ಪದಗಳನ್ನು ತಿನ್ನುತ್ತಿದೆ. ಒಂದು ದಿನ ಅದು "ಬರ್ತೀನಿ" ಎಂಬುದನ್ನೇ ತಿನ್ನುತ್ತದೆ. ನನಗೆ ಕಾದಂಬರಿಯ ತುದಿ ಸಿಕ್ಕಿದ್ದು ಹೀಗೆ, ಲೋಕದ ಒಂದು ಗಿಡವನ್ನೂ ಕಲ್ಪಿಸುವ ಮೊದಲೇ. ನಿಮ್ಮ ಕಟ್ಟಳೆ ಮತ್ತು ಬೆಲೆ ಒಂದಕ್ಕೊಂದು ಢಿಕ್ಕಿ ಹೊಡೆಯದಿದ್ದರೆ ಎರಡರಲ್ಲಿ ಒಂದನ್ನು ಬದಲಿಸಿ, ಢಿಕ್ಕಿ ಹೊಡೆಯುವ ತನಕ ಬದಲಿಸುತ್ತಿರಿ.

## ಹಂತ 5: ಲೋಕಗಳು

ಮೂರಕ್ಕಿಂತ ಹೆಚ್ಚು ಬೇಡ. 45,000 ಪದಗಳಲ್ಲಿ ಏಳು ಲೋಕ ತೋರಿಸಿದರೆ ಅದು ಪ್ರವಾಸದ ಬಸ್ಸಿನ ಕಿಟಕಿಯಾಗುತ್ತದೆ.

ಪ್ರತಿ ಲೋಕಕ್ಕೂ ನಮ್ಮ ಲೋಕಕ್ಕೂ ಒಂದೇ ಒಂದು ವ್ಯತ್ಯಾಸ ಇರಲಿ. ಆ ಒಂದನ್ನು ಹಿಡಿದು "ಹಾಗಾದರೆ?" ಎಂದು ಹತ್ತು ಸಲ ಕೇಳಿ.

ನೇತ್ರಾಳ ಮೊದಲ ಲೋಕ: ಆಡಿದ ಮಾತು ನೀರಿನಲ್ಲಿ ಉಳಿಯುತ್ತದೆ. ಹಾಗಾದರೆ? ಬಾವಿಕಟ್ಟೆಯಲ್ಲಿ ಯಾರೂ ಮಾತಾಡುವುದಿಲ್ಲ. ಹಾಗಾದರೆ? ಜಗಳವಾಡಲು ಒಣಗಿದ ಗುಡ್ಡಕ್ಕೆ ಹೋಗುತ್ತಾರೆ. ಹಾಗಾದರೆ? ಹಸಿ ಬಟ್ಟೆ ಹಿಂಡಿದರೆ ನಿನ್ನೆಯ ಮಾತು ಕೇಳುತ್ತದೆ, ಅಗಸರಿಗೆ ಊರಿನ ಗುಟ್ಟೆಲ್ಲ ಗೊತ್ತು. ಹಾಗಾದರೆ? ಸತ್ತವರ ದನಿಯನ್ನು ಗಿಂಡಿಯಲ್ಲಿ ಮುಚ್ಚಿಡುತ್ತಾರೆ, ಮಾರುವವರೂ ಇದ್ದಾರೆ. ಹಾಗಾದರೆ? ಬರಗಾಲವೆಂದರೆ ಅಲ್ಲಿ ಹಿರಿಯರ ದನಿ ಆವಿಯಾಗಿ ಹೋಗುವುದು. ಇಲ್ಲಿಗೆ ನೇತ್ರಾಳ ಊರಿನ ಬರ ಮತ್ತು ಆಚೆಯ ಬರ ಒಂದಕ್ಕೊಂದು ಸೇರಿತು. ದನಿ ಅನುಕರಿಸುವ ಅವಳ ಕೈಕೆಲಸಕ್ಕೂ ಕೆಲಸ ಸಿಕ್ಕಿತು: ಆವಿಯಾದ ದನಿಯನ್ನು ಮತ್ತೆ ಆಡಿ ತೋರಿಸಬಲ್ಲವಳು ಅವಳೊಬ್ಬಳೇ.

ಎರಡನೆಯದು: ಅಣೆಕಟ್ಟು ಕಟ್ಟದೇ ಇದ್ದ ಲೋಕ. ಅಜ್ಜಿಯ ಊರು ಅಲ್ಲಿ ಹಾಗೇ ಇದೆ, ಮನೆ, ಗದ್ದೆ, ಕೊಟ್ಟಿಗೆ ಸಮೇತ. ಹಾಗಾದರೆ? ಶರಾವತಿಯ ವಿದ್ಯುತ್ ಇಲ್ಲ. ದೂರದ ಪಟ್ಟಣಗಳು ಕತ್ತಲಲ್ಲಿವೆ, ಅಲ್ಲಿಯ ಜನರಿಗೂ ಕಷ್ಟಗಳಿವೆ. ಈ "ಹಾಗಾದರೆ" ಬಿಟ್ಟುಬಿಟ್ಟರೆ ಲೋಕ ಬರೀ ಹಂಬಲದ ಚಿತ್ರವಾಗುತ್ತದೆ. ಮುಳುಗಡೆಯಲ್ಲಿ ಮನೆ ಕಳೆದುಕೊಂಡವರ ನೋವನ್ನು ಸುಲಭ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಅಂಥ ಮನೆಗಳ ಹಿರಿಯರ ಜೊತೆ ಕುಳಿತು ಮಾತಾಡಿ, ಅವರು ಒಪ್ಪಿದರೆ ಧ್ವನಿ ಮುದ್ರಿಸಿಕೊಳ್ಳಿ, ಆಮೇಲೆ ಬರೆಯಿರಿ.

ಅತಲ, ವಿತಲ, ಸುತಲದಿಂದ ಪಾತಾಳದವರೆಗಿನ ಹೆಸರುಗಳನ್ನು ಬಳಸುವ ಆಸೆ ಕೆಲವರಿಗೆ ಇರುತ್ತದೆ. ಬಳಸಬಹುದು, ಆದರೆ ಓದುಗರಿಗೆ ಬಲಿ, ನಾಗರು, ವಾಸುಕಿ ಎಲ್ಲ ಮೊದಲೇ ಗೊತ್ತು. ಅವರನ್ನು ಬಿಟ್ಟು ಬರೆದರೆ ಯಾಕೆ ಇಲ್ಲ ಎಂದು ಕೇಳುತ್ತಾರೆ. ಹೊಸ ಊರುಗಳಿಗೆ ಹೆಸರಿಡುವಾಗ ಸಂಸ್ಕೃತದ ಉದ್ದುದ್ದ ಸಮಾಸಗಳಿಗಿಂತ ನಮ್ಮ ಊರುಗಳ ಬಾಲಗಳು ಚೆನ್ನಾಗಿ ಕೂರುತ್ತವೆ: ಕೊಪ್ಪ, ಗೋಡು, ಸರ, ಕಟ್ಟೆ, ಹೊಳೆ. ನೇತ್ರಾಳ ಮೊದಲ ಲೋಕದ ಊರಿಗೆ "ದನಿಗೋಡು" ಎಂದರೆ ಊರು ಕಣ್ಣಿಗೆ ಬರುತ್ತದೆ. "ಶಬ್ದಸಾಮ್ರಾಜ್ಯಪುರಿ" ಎಂದರೆ ಬರೀ ಫಲಕ ಕಾಣುತ್ತದೆ.

ಎಚ್ಚರಿಕೆಯ ಗುರುತು: ಲೋಕದ ಬಗ್ಗೆ ನಿಮ್ಮ ಟಿಪ್ಪಣಿ 15 ಪುಟ ದಾಟಿದೆ, ಅಧ್ಯಾಯ ಒಂದೂ ಬರೆದಿಲ್ಲ. ಟಿಪ್ಪಣಿ ಮುಚ್ಚಿಟ್ಟು ಏಳನೇ ಹಂತಕ್ಕೆ ಹೋಗಿ, ಆರಕ್ಕೆ ಆಮೇಲೆ ಬನ್ನಿ.

## ಹಂತ 6: ಎರಡು ಕಾಲಗಳ ಲೆಕ್ಕ

ಭಾಗವತದ ರೇವತಿಯ ಕಥೆ ನೆನಪಿಸಿಕೊಳ್ಳಿ. ಮಗಳಿಗೆ ವರ ಕೇಳಲು ಕಕುದ್ಮಿ ಅವಳನ್ನು ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋಗುತ್ತಾನೆ, ಹಾಡು ಮುಗಿಯುವ ತನಕ ಕಾಯುತ್ತಾನೆ, ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದಿರುತ್ತದೆ. ಅನುಪಾತ ಎಷ್ಟು ಎಂಬುದರ ಮೇಲೆ ಇಡೀ ಕಥೆ ನಿಂತಿದೆ. ನಿಮ್ಮ ಅನುಪಾತವನ್ನೂ ಅಂಕಿಯಲ್ಲಿ ಬರೆಯಿರಿ.

ನೇತ್ರಾಳಿಗೆ ಇಲ್ಲಿಯ ಒಂದು ಗಂಟೆ ಎಂದರೆ ಅಲ್ಲಿಯ ಒಂದು ದಿನ. ಅಜ್ಜಿಯ ಎರಡು ಗಂಟೆ ನಿದ್ದೆಯಲ್ಲಿ ಅವಳಿಗೆ ಎರಡು ದಿನ ಸಿಗುತ್ತದೆ. ಶಾಲೆಯ ರಜೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ, ಜೂನ್ ಶುರುವಿಗೆ ಮುಂಗಾರು. ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ಗುರುತು ಹಾಕಿ. ನೋಟ್‌ಬುಕ್‌ನ ಪುಟವನ್ನು ನಡುವೆ ಗೆರೆ ಎಳೆದು ಎರಡು ಮಾಡಿ: ಎಡಕ್ಕೆ ಮನೆಯ ದಿನಾಂಕ, ಬಲಕ್ಕೆ ಆಚೆಯ ದಿನಗಳು.

ಲೆಕ್ಕ ಇಟ್ಟವರಿಗೆ ದೃಶ್ಯಗಳು ಪುಕ್ಕಟೆ ಸಿಗುತ್ತವೆ. ಬೆಳಗ್ಗೆ ಅಂಗಳದಲ್ಲಿ ಬಿದ್ದು ತರಚಿದ ಮೊಣಕಾಲು ಸಂಜೆಯ ಹೊತ್ತಿಗೆ ಎರಡು ದಿನದ ಹಳೇ ಗಾಯದಂತೆ ಹಕ್ಕಳೆ ಕಟ್ಟಿರುತ್ತದೆ. ಎಣ್ಣೆ ಹಚ್ಚಲು ಕೂತ ಅಜ್ಜಿ ಅದನ್ನು ನೋಡಿ ಸುಮ್ಮನಾಗುತ್ತಾರೆ. ಅಜ್ಜಿಗೆ ಏನೋ ಗೊತ್ತಾಗಿದೆ ಎಂದು ಹೇಳಲು ಆ ಹಕ್ಕಳೆ ಸಾಕು.

## ಹಂತ 7: ಮೊದಲ ದಾಟು

ಈಗ ಬರೆಯಿರಿ. ಮೊದಲ ಅಧ್ಯಾಯದಿಂದಲ್ಲ, ಮೊದಲ ಸಲ ದಾಟುವ ದೃಶ್ಯದಿಂದ. ಇದು ಕೂತರೆ ಉಳಿದದ್ದು ಕೂರುತ್ತದೆ. ಹೆಚ್ಚಿನ ಹಸ್ತಪ್ರತಿಗಳಲ್ಲಿ ಈ ದೃಶ್ಯ ಹೀಗಿರುತ್ತದೆ:

> ಅವಳ ಕಣ್ಣೆದುರು ಅದ್ಭುತವಾದ ಮಾಯಾಲೋಕವೊಂದು ತೆರೆದುಕೊಂಡಿತು. ಎಲ್ಲೆಲ್ಲೂ ಬಣ್ಣಬಣ್ಣದ ಹೂಗಳು, ಆಕಾಶದಲ್ಲಿ ಎರಡು ಚಂದ್ರರು. ಅವಳಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ.

ಇಲ್ಲಿ ಓದುಗರು ಏನನ್ನೂ ಕಾಣುವುದಿಲ್ಲ. "ಅದ್ಭುತ" ಎಂಬುದು ಅವರು ಅನುಭವಿಸಬೇಕಾದದ್ದು, ನೀವು ಹೇಳಿಬಿಟ್ಟಿದ್ದೀರಿ. ಕ್ರಮ ಬದಲಿಸಿ: ಮೊದಲು ಅಂಗಾಲು, ಆಮೇಲೆ ಕಿವಿ, ಮೂಗು, ಕೊನೆಗೆ ಕಣ್ಣು.

> ಕಾಲಡಿಯ ಕೆಸರು ಬೆಚ್ಚಗಾಯಿತು. ಗಾರೆಯ ಗೋಡೆಗೆ ಕೈಯಿಟ್ಟು ಇನ್ನೊಂದು ಹೆಜ್ಜೆ ಇಟ್ಟಳು. ಎಲ್ಲೋ ಹನಿ ತೊಟ್ಟಿಕ್ಕಿತು. ತೊಟ್ಟಿಕ್ಕಿದ್ದು ಹನಿಯಲ್ಲ, "ಹುಷಾರು" ಎಂಬ ಮಾತು. ಇನ್ನೊಂದು ಹನಿ. "ಹುಷಾರು, ಜಾರತ್ತೆ." ಹೆಂಗಸಿನ ದನಿ. ನೇತ್ರಾ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಬಗ್ಗಿ ಅಂಗೈಯಲ್ಲಿ ಒಂದಿಷ್ಟು ನೀರು ತೆಗೆದು ಕಿವಿಯ ಹತ್ತಿರ ಹಿಡಿದಳು.

ವಿವರಣೆ ಇಲ್ಲ, ಮುದುಕ ಬಂದು ಚರಿತ್ರೆ ಹೇಳಿಲ್ಲ. ಹುಡುಗಿ ಕೈಯಿಂದ ಒಂದು ಕೆಲಸ ಮಾಡಿದಳು, ಲೋಕದ ಕಟ್ಟಳೆ ಗೊತ್ತಾಯಿತು. ಮೊದಲ ದಾಟು 1,200 ಪದ ಮೀರದಿರಲಿ, ಅದರೊಳಗೆ ಅವಳು ಹಿಂದಿರುಗಿ ಬರಲಿ. ಮೊದಲ ಸಲವೇ ಅಲ್ಲಿ ಉಳಿಸಿಬಿಟ್ಟರೆ ಬಾಗಿಲಿನ ಕೆಲಸ ಅಲ್ಲಿಗೇ ಮುಗಿದುಹೋಗುತ್ತದೆ.

ಭಾಷೆಯ ಮಾತು ಇಲ್ಲೇ ಹೇಳಿಬಿಡುತ್ತೇನೆ. ಆಚೆಯ ಜನ ಕನ್ನಡ ಆಡುತ್ತಾರೋ ಇಲ್ಲವೋ ನಿರ್ಧರಿಸಿ. ಆಡುವುದಾದರೆ ಯಾವ ಕನ್ನಡ? ಲೋಕ ಬೇರೆಯಾದ ಕೂಡಲೇ ಪಾತ್ರಗಳೆಲ್ಲ "ಎಲೈ ಬಾಲೆಯೇ" ಎನ್ನತೊಡಗುವುದು ಬಹಳ ಕಡೆ ಕಾಣುವ ತಪ್ಪು. ಒಂದೇ ವಾಕ್ಯಕ್ಕೆ ಲೋಕ ನಾಟಕದ ಪರದೆಯಾಗಿಬಿಡುತ್ತದೆ. ಆಡುಮಾತೇ ಇರಲಿ, ಸಂಬೋಧನೆಯಲ್ಲಿ ವ್ಯತ್ಯಾಸ ತನ್ನಿ. ದನಿಗೋಡಿನಲ್ಲಿ ಚಿಕ್ಕವರಿಗೆ "ನೀವು", ಹಿರಿಯರಿಗೆ "ನೀನು" ಎಂದಿರಲಿ. ಮನೆಯಲ್ಲಿ ಅಜ್ಜಿಯ ಬಾಯಲ್ಲಿ "ಕೂಸೇ" ಎಂದು ಕರೆಸಿಕೊಳ್ಳುವವಳಿಗೆ ಅಲ್ಲಿಯ ಮುದುಕಿ "ತಾವು ಬನ್ನಿ" ಎಂದಾಗ ಬೆನ್ನು ಚಳುಕು ಹೊಡೆಯುತ್ತದೆ.

## ಹಂತ 8: ನಡುಭಾಗ

ಹಸ್ತಪ್ರತಿ ಸಾಯುವ ಜಾಗ ಇದು. ಮದ್ದು ಒಂದೇ: ಪ್ರತಿ ದಾಟಿನ ನಂತರ ಮನೆಯಲ್ಲಿ ಏನಾದರೂ ಬದಲಾಗಿರಬೇಕು. ನೋಟ್‌ಬುಕ್‌ನ ಎಡಗಡೆಯ ಸಾಲು ಖಾಲಿ ಇದ್ದರೆ ಆ ದಾಟನ್ನೇ ತೆಗೆದುಹಾಕಿ. ತೋಟಕ್ಕೆ ನೀರಿಲ್ಲದೆ ಅಡಿಕೆ ಸಸಿ ಒಣಗಿತು. ಟ್ಯಾಂಕರ್ ಬರುವ ದಿನ ಇವಳು ಕೊಡಪಾನ ಹಿಡಿದು ಸಾಲಿನಲ್ಲಿ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಗೆಳತಿ ಮಾತು ಬಿಟ್ಟಳು. ಇವಳಿಗೆ ಆ ಗೆಳತಿಯ ಅಡ್ಡಹೆಸರು ನೆನಪಾಗಲಿಲ್ಲ.

ಎಂಟರಿಂದ ಹತ್ತು ದಾಟು ಸಾಕು. ಎಲ್ಲವನ್ನೂ ಪೂರ್ತಿ ಬರೆಯಬೇಡಿ. ಮೂರನ್ನು ವಿಸ್ತಾರವಾಗಿ, ಉಳಿದವನ್ನು ಒಂದೊಂದು ಪ್ಯಾರಾದಲ್ಲಿ.

## ಹಂತ 9: ಕೊನೆಯ ದಾಟು

ಗೋಡೆಗೆ ಅಂಟಿಸಿದ ನಾಲ್ಕು ವಾಕ್ಯಗಳನ್ನಷ್ಟೇ ಬಳಸಿ ಕೊನೆ ಕಟ್ಟಿ. ನೇತ್ರಾಳ ಕಥೆಯಲ್ಲಿ ಮೇ ಕೊನೆಗೆ ಮೋಡ ಕಟ್ಟಿದೆ. ಅವಳು ಇನ್ನೊಮ್ಮೆ ಹೋಗಲೇಬೇಕು, ದನಿಗೋಡಿನವರಿಗೆ ಮಾತು ಕೊಟ್ಟಿದ್ದಾಳೆ. "ಬರ್ತೀನಿ" ಎಂಬ ಪದ ಅವಳ ಬಳಿ ಇಲ್ಲ. ಹೊಸ ಮಂತ್ರ ತರುವಂತಿಲ್ಲ. ನಾನು ಬಹಳ ದಿನ ಇಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ದಾರಿ ಆ ಮಾತಿನಲ್ಲೇ ಇತ್ತು. ನಮ್ಮ ಮನೆಗಳಲ್ಲಿ "ಹೋಗಿ ಬರ್ತೀನಿ" ಎಂಬುದು ಒಂಟಿ ಮಾತಲ್ಲ, ಹೊಸ್ತಿಲ ಒಳಗಿನಿಂದ "ಹೋಗಿ ಬಾ" ಎಂಬ ಉತ್ತರ ಬರುತ್ತದೆ. ಹುಡುಗಿಯ ಬಳಿ ಪದ ಇಲ್ಲದಿದ್ದರೆ ಮನೆಯವರು ಆಡಬೇಕು. ಅಂದರೆ ನೇತ್ರಾ ಎಲ್ಲವನ್ನೂ ಅಜ್ಜಿಗೆ ಹೇಳಬೇಕು, ಅಜ್ಜಿ 60 ವರ್ಷಗಳಿಂದ ಕಾಲಿಡದ ಆ ಕೆಸರಿಗೆ ಇಳಿದು ಬಾಗಿಲ ತನಕ ಬರಬೇಕು, ತನ್ನ ಊರಿನ ಕಡೆ ಮುಖ ಮಾಡಿ ನಿಂತು ಬಾಯಿ ತೆರೆಯಬೇಕು. ಮೊದಲ ಪುಟದಲ್ಲಿ ಹುಡುಗಿಗೆ ಬೇಕಿದ್ದದ್ದು ಅಜ್ಜಿಯ ಮಾತು ತಾನೆ?

ನಿಮ್ಮ ಕೊನೆ ಸಿಗದಿದ್ದರೆ ಮೊದಲ ಹಂತದ ಮೂರು ವಾಕ್ಯಗಳಿಗೆ ವಾಪಸ್ ಹೋಗಿ. ಉತ್ತರ ಅಲ್ಲಿರುತ್ತದೆ, ಇಲ್ಲವಾದರೆ ಆ ವಾಕ್ಯಗಳಲ್ಲೇ ದೋಷವಿದೆ.

ಸಾಮಾನ್ಯ ತಪ್ಪು: ಎಲ್ಲವೂ ಕನಸಾಗಿತ್ತು ಎಂದು ಮುಗಿಸುವುದು. 200 ಪುಟ ನಂಬಿ ಬಂದ ಓದುಗರಿಗೆ ಇದಕ್ಕಿಂತ ದೊಡ್ಡ ಮೋಸವಿಲ್ಲ.

## ಹಂತ 10: ತಿದ್ದುವುದು

ಮುಗಿದ ಮೇಲೆ ಮೂರು ವಾರ ಮುಟ್ಟಬೇಡಿ. ಆಮೇಲೆ ಮೂರು ಸುತ್ತು, ಇದೇ ಕ್ರಮದಲ್ಲಿ.

ಮೊದಲ ಸುತ್ತು ಕಟ್ಟಳೆಗೆ: ನಾಲ್ಕು ವಾಕ್ಯ, ಹೋದ ಪದಗಳ ಪಟ್ಟಿ, ಎರಡು ಕಾಲದ ಪುಟ, ಇವುಗಳನ್ನು ಎದುರಿಗಿಟ್ಟುಕೊಂಡು ತಪ್ಪು ಹುಡುಕಿ. ಈ ಸುತ್ತಿನಲ್ಲಿ ಕಾಗುಣಿತ ತಿದ್ದಬೇಡಿ, ಗಮನ ಹಾಳಾಗುತ್ತದೆ.

ಎರಡನೇ ಸುತ್ತು ಕಿವಿಗೆ. ಇಡೀ ಕಾದಂಬರಿಯನ್ನು ಗಟ್ಟಿಯಾಗಿ ಓದಿ ಫೋನಿನಲ್ಲಿ ಮುದ್ರಿಸಿ, ಮಾರನೇ ದಿನ ಕೇಳಿ. ಓದುವಾಗ ನಾಲಿಗೆ ತೊಡರಿದ ಕಡೆ ವಾಕ್ಯ ಕೆಟ್ಟಿದೆ. ಕೇಳುವಾಗ ನಿಮ್ಮ ಗಮನ ಅಡುಗೆಮನೆಯ ಸದ್ದಿನ ಕಡೆ ಹೋದರೆ ಆ ಪುಟ ತೆಗೆಯಿರಿ.

ಮೂರನೇ ಸುತ್ತಿಗೆ 12 ವರ್ಷದ ಒಬ್ಬ ಓದುಗರು ಬೇಕು. ಚೆನ್ನಾಗಿದೆಯಾ ಎಂದು ಕೇಳಬೇಡಿ, ಮಕ್ಕಳು ಮನಸ್ಸು ನೋಯಿಸಬಾರದೆಂದು ಹೌದು ಎನ್ನುತ್ತಾರೆ. ಕೈಗೆ ಪೆನ್ಸಿಲ್ ಕೊಟ್ಟು, ಓದುವುದು ನಿಲ್ಲಿಸಿ ಎದ್ದುಹೋದ ಕಡೆಯೆಲ್ಲ ಒಂದು ಗೆರೆ ಎಳೆಯಲು ಹೇಳಿ. ಊಟಕ್ಕೆ ಕರೆದರೆಂದು ಎದ್ದಿದ್ದರೂ ಸರಿ, ಗೆರೆ ಬೀಳಲಿ. ಪ್ರತಿ ಗೆರೆಯಿಂದ ಹಿಂದಕ್ಕೆ ಎರಡು ಪುಟ ಓದುತ್ತಾ ಬನ್ನಿ.